ವಿಡಿಯೋ ಕಡತಗಳ ಪರಿವರ್ತನೆ: ಫ್ರೇಮ್ ದರ ಮತ್ತು ರೆಸಲ್ಯೂಷನ್ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರು ನಗರದ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳಲ್ಲಿ ಎರಡು, ಮೂರು ತಲೆಮಾರುಗಳಿಂದ ನೆಲೆಸಿರುವ ಕುಟುಂಬಗಳ ಬಳಿ ಮದುವೆ, ಉಪನಯನ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ ಹಾಗೂ ರಾಜ್ಯೋತ್ಸವ ಸಮಾರಂಭಗಳ ವಿಡಿಯೋ ಮುದ್ರಿಕೆಗಳು ಇರುವುದು ಸಾಮಾನ್ಯ. ಇವುಗಳಲ್ಲಿ ವಿ.ಎಚ್.ಎಸ್. ಕ್ಯಾಸೆಟ್, ಮಿನಿ ಡಿವಿ ಟೇಪು, ವಿಡಿಯೋ ಸಿ.ಡಿ., ಡಿ.ವಿ.ಡಿ. ಹಾಗೂ ಮೊಬೈಲ್ ದೂರವಾಣಿಯ ಕಡತಗಳು ಎಲ್ಲವೂ ಸೇರಿರುತ್ತವೆ. ತೀರಿಕೊಂಡ ಹಿರಿಯರ ಧ್ವನಿ ಮತ್ತು ಚಲನೆ ಉಳಿದಿರುವುದು ಹಲವು ಮನೆಗಳಲ್ಲಿ ಇಂತಹ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಈ ಮುದ್ರಿಕೆಗಳನ್ನು ಇಂದಿನ ಟಿ.ವಿ., ಗಣಕಯಂತ್ರ ಹಾಗೂ ಮೊಬೈಲ್‌ಗಳಲ್ಲಿ ನೋಡಲು ಅನುಕೂಲವಾಗುವಂತೆ ಬದಲಿಸುವಾಗ ಚಿತ್ರ ಅದುರುವುದು, ಧ್ವನಿ ಹಿಂದೆ ಬೀಳುವುದು, ಮುಖಗಳು ಅಗಲವಾಗಿ ಕಾಣುವುದು ಮುಂತಾದ ದೋಷಗಳು ಉಂಟಾಗುತ್ತವೆ. ಇವುಗಳಲ್ಲಿ ಬಹುಪಾಲು ದೋಷಗಳಿಗೆ ಫ್ರೇಮ್ ದರ ಅಥವಾ ರೆಸಲ್ಯೂಷನ್ ಅನ್ನು ತಪ್ಪಾಗಿ ನಮೂದಿಸಿರುವುದೇ ಕಾರಣ. ಆದ್ದರಿಂದ ನಾಗರಿಕರು ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಅಥವಾ ಸ್ಟುಡಿಯೋಗಳಿಗೆ ವಹಿಸುವಾಗ ಸರಿಯಾದ ಸೂಚನೆ ನೀಡಲು ಅನುವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಪದಗಳ ವಿವರಣೆ

ಅ) ಫ್ರೇಮ್ ದರ: ವಿಡಿಯೋ ಎಂಬುದು ಒಂದರ ಹಿಂದೆ ಒಂದರಂತೆ ತೋರಿಸಲಾಗುವ ಸ್ಥಿರ ಚಿತ್ರಗಳ ಸರಣಿ. ಒಂದು ಸೆಕೆಂಡಿನಲ್ಲಿ ತೋರಿಸಲಾಗುವ ಚಿತ್ರಗಳ ಸಂಖ್ಯೆಯೇ ಫ್ರೇಮ್ ದರ.

ಆ) ರೆಸಲ್ಯೂಷನ್: ಪ್ರತಿಯೊಂದು ಚಿತ್ರದಲ್ಲಿ ಅಡ್ಡಲಾಗಿ ಮತ್ತು ಉದ್ದಕ್ಕೆ ಇರುವ ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ ಸಂಖ್ಯೆ. ಉದಾಹರಣೆಗೆ 1920 x 1080.

ಇ) ಬಿಟ್ ದರ: ಒಂದು ಸೆಕೆಂಡಿನ ವಿಡಿಯೋಗೆ ವ್ಯಯವಾಗುವ ದತ್ತಾಂಶದ ಪ್ರಮಾಣ. ಕಡತದ ಗಾತ್ರವು ಮುಖ್ಯವಾಗಿ ಇದನ್ನು ಅವಲಂಬಿಸಿರುತ್ತದೆ.

ಈ) ಕೋಡೆಕ್ ಮತ್ತು ಹೊದಿಕೆ: ಚಿತ್ರವನ್ನು ಕುಗ್ಗಿಸಿ ಬರೆಯುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಎಚ್.264, ಎಚ್.265 ಇದಕ್ಕೆ ಉದಾಹರಣೆಗಳು. ಎಂಪಿ4, ಎವಿಐ, ಎಂಕೆವಿ ಎಂಬುವು ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ಇರಿಸುವ ಹೊದಿಕೆಗಳು ಮಾತ್ರ. ಆದುದರಿಂದ ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ಬದಲಿಸಿದ ಮಾತ್ರಕ್ಕೆ ವಿಡಿಯೋ ಪರಿವರ್ತನೆಯಾಗುವುದಿಲ್ಲ.

ಉ) ಇಂಟರ್‌ಲೇಸ್: ಹಳೆಯ ಟಿ.ವಿ. ಪದ್ಧತಿಯಲ್ಲಿ ಒಂದು ಚಿತ್ರದ ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಮತ್ತೊಮ್ಮೆ ತೋರಿಸಲಾಗುತ್ತಿತ್ತು. ಹೀಗೆ ಎರಡು ಅರ್ಧ ಚಿತ್ರಗಳು ಸೇರಿ ಒಂದು ಪೂರ್ಣ ಚಿತ್ರವಾಗುವ ಕ್ರಮಕ್ಕೆ ಇಂಟರ್‌ಲೇಸ್ ಎಂದು ಹೆಸರು.

3. ನಮ್ಮ ದೇಶದಲ್ಲಿ 25 ಫ್ರೇಮ್ ದರದ ಹಿನ್ನೆಲೆ

ಭಾರತದಲ್ಲಿ ವಿದ್ಯುತ್ ಪೂರೈಕೆಯು 50 ಹರ್ಟ್ಸ್ ಆವರ್ತನದಲ್ಲಿದೆ. ಟಿ.ವಿ. ಪ್ರಸಾರಕ್ಕೂ ಇದಕ್ಕೆ ಹೊಂದುವ, ಸೆಕೆಂಡಿಗೆ 50 ಅರ್ಧ ಚಿತ್ರಗಳ, ಅಂದರೆ 25 ಪೂರ್ಣ ಚಿತ್ರಗಳ ಪದ್ಧತಿಯನ್ನು ಅನುಸರಿಸಲಾಯಿತು. 1982ರಲ್ಲಿ ದೂರದರ್ಶನವು ವರ್ಣ ಪ್ರಸಾರ ಆರಂಭಿಸಿದಾಗ ಪಾಲ್ ಎಂಬ ಪದ್ಧತಿ ಜಾರಿಗೆ ಬಂದಿತು. ಇದರಲ್ಲಿ ಒಟ್ಟು 625 ಗೆರೆಗಳಿದ್ದು, ಅವುಗಳಲ್ಲಿ 576 ಗೆರೆಗಳು ಚಿತ್ರಕ್ಕೆ ಮೀಸಲಾಗಿರುತ್ತವೆ. ಅಮೆರಿಕದಲ್ಲಿ ವಿದ್ಯುತ್ ಪೂರೈಕೆ 60 ಹರ್ಟ್ಸ್ ಇದ್ದು, ಅಲ್ಲಿನ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ 525 ಗೆರೆಗಳು ಹಾಗೂ ಸೆಕೆಂಡಿಗೆ 29.97 ಚಿತ್ರಗಳಿರುತ್ತವೆ.

ಚಲನಚಿತ್ರಗಳ ಕ್ರಮ ಬೇರೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ಕಾಲಕ್ಕಾಗಲೇ ವಾಕ್ಚಿತ್ರಗಳಿಗೆ ಸೆಕೆಂಡಿಗೆ 24 ಚಿತ್ರಗಳೆಂಬುದು ರೂಢಿಗೆ ಬಂದಿತ್ತು. 24 ಚಿತ್ರಗಳ ಚಲನಚಿತ್ರವನ್ನು ಪಾಲ್ ಪದ್ಧತಿಗೆ ಇಳಿಸುವಾಗ ಅದನ್ನು ಸಾಮಾನ್ಯವಾಗಿ 25ರ ವೇಗದಲ್ಲಿ ಓಡಿಸುತ್ತಿದ್ದರು. ಇದರಿಂದ ಚಿತ್ರಮಂದಿರದಲ್ಲಿ 150 ನಿಮಿಷ ಓಡುವ ಚಿತ್ರ ಡಿ.ವಿ.ಡಿ.ಯಲ್ಲಿ 144 ನಿಮಿಷಕ್ಕೆ ಮುಗಿಯುತ್ತದೆ. ಯಾವ ದೃಶ್ಯವನ್ನೂ ಕತ್ತರಿಸದಿದ್ದರೂ ಅವಧಿ ಕಡಿಮೆಯಾಗಲು ಇದೇ ಕಾರಣ.

ಮೊಬೈಲ್ ದೂರವಾಣಿಗಳು ಬಹುತೇಕ 30 ಫ್ರೇಮ್ ದರದಲ್ಲಿ ಮುದ್ರಿಸುತ್ತವೆ. ಬೆಳಕು ಕಡಿಮೆಯಾದಾಗ ಈ ದರ ತಾನಾಗಿಯೇ ಇಳಿಯುವುದೂ ಉಂಟು. ಇದನ್ನು ಬದಲಾಗುವ ಫ್ರೇಮ್ ದರ ಎನ್ನುತ್ತಾರೆ. ಹೀಗೆ ಒಂದೇ ಕುಟುಂಬದ ಸಂಗ್ರಹದಲ್ಲಿ 24, 25, 29.97, 30 ಹಾಗೂ ಬದಲಾಗುವ ದರದ ಕಡತಗಳು ಇರಬಹುದಾದ್ದರಿಂದ ಎಲ್ಲ ಕಡತಗಳಿಗೂ ಒಂದೇ ದರವನ್ನು ನಮೂದಿಸುವುದು ಸರಿಯಲ್ಲ.

4. ಮಾಧ್ಯಮವಾರು ವಿವರ

ಭಾರತದಲ್ಲಿ ಮುದ್ರಿತವಾದ ಮಾಧ್ಯಮಗಳ ಸಾಮಾನ್ಯ ವಿವರ ಈ ಕೆಳಕಂಡಂತಿದೆ:

- ವಿ.ಎಚ್.ಎಸ್. ಕ್ಯಾಸೆಟ್: 25 ಫ್ರೇಮ್, ಇಂಟರ್‌ಲೇಸ್. ಅಡ್ಡಲಾಗಿ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ಇರುತ್ತದೆ. 720 x 576ರಲ್ಲಿ ಗಣಕಯಂತ್ರಕ್ಕೆ ಇಳಿಸಿಕೊಳ್ಳುವುದು ಸೂಕ್ತ.
- ಮಿನಿ ಡಿವಿ ಟೇಪು: 25 ಫ್ರೇಮ್, ಇಂಟರ್‌ಲೇಸ್, 720 x 576. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿ.ಬಿ. ಸ್ಥಳ ಬೇಕಾಗುತ್ತದೆ.
- ವಿಡಿಯೋ ಸಿ.ಡಿ.: 25 ಫ್ರೇಮ್, 352 x 288. ಇಂಟರ್‌ಲೇಸ್ ಇರುವುದಿಲ್ಲ.
- ಡಿ.ವಿ.ಡಿ.: 25 ಫ್ರೇಮ್, 720 x 576. ಸಮಾರಂಭಗಳ ಮುದ್ರಿಕೆಗಳು ಸಾಮಾನ್ಯವಾಗಿ ಇಂಟರ್‌ಲೇಸ್ ಆಗಿರುತ್ತವೆ.
- ಮೊಬೈಲ್ ದೂರವಾಣಿ: ಸಾಮಾನ್ಯವಾಗಿ 30 ಫ್ರೇಮ್, 1920 x 1080 ಅಥವಾ 3840 x 2160.

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಅಥವಾ ಬಂಧುಗಳು ಕಳುಹಿಸಿದ ಹಳೆಯ ಕ್ಯಾಸೆಟ್‌ಗಳು ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿರುತ್ತವೆ. ಇವುಗಳನ್ನು ಪಾಲ್ ಮಾತ್ರ ಬಲ್ಲ ವಿ.ಸಿ.ಆರ್.ನಲ್ಲಿ ಹಾಕಿದರೆ ಚಿತ್ರ ಉರುಳುತ್ತದೆ ಅಥವಾ ಬಣ್ಣವಿಲ್ಲದೆ ಕಾಣುತ್ತದೆ. ಇದರಿಂದ ಕ್ಯಾಸೆಟ್ ಕೆಟ್ಟಿದೆ ಎಂದು ಭಾವಿಸಿ ಬಿಸಾಡಬಾರದು. ಎರಡೂ ಪದ್ಧತಿಗಳನ್ನು ಬಲ್ಲ ಯಂತ್ರದಲ್ಲಿ ಪರೀಕ್ಷಿಸತಕ್ಕದ್ದು.

5. ಪರಿವರ್ತನೆಯ ಕ್ರಮ

ಮೊದಲ ಹಂತ: ಮೂಲವನ್ನು ಕಾಪಾಡುವುದು. ಯಾವುದೇ ಪರಿವರ್ತನೆಗೆ ಮುನ್ನ ಮೂಲ ಕಡತದ ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಇರಿಸಿಕೊಳ್ಳತಕ್ಕದ್ದು. ಪ್ರತಿ ಬಾರಿ ಪರಿವರ್ತಿಸಿದಾಗಲೂ ಗುಣಮಟ್ಟ ಸ್ವಲ್ಪ ಕುಂದುವುದರಿಂದ, ಪರಿವರ್ತಿತ ಕಡತವನ್ನು ಮತ್ತೆ ಪರಿವರ್ತಿಸದೆ ಪ್ರತಿ ಬಾರಿಯೂ ಮೂಲದಿಂದಲೇ ಆರಂಭಿಸಬೇಕು.

ಎರಡನೇ ಹಂತ: ಮೂಲದ ವಿವರ ತಿಳಿಯುವುದು. ಉಚಿತವಾಗಿ ದೊರೆಯುವ ವಿ.ಎಲ್.ಸಿ. ತಂತ್ರಾಂಶದಲ್ಲಿ ಕಡತವನ್ನು ತೆರೆದು, ಟೂಲ್ಸ್ ಪಟ್ಟಿಯಲ್ಲಿರುವ ಕೋಡೆಕ್ ಇನ್ಫರ್ಮೇಶನ್ ಆಯ್ಕೆ ಮಾಡಿದರೆ ರೆಸಲ್ಯೂಷನ್, ಫ್ರೇಮ್ ದರ ಹಾಗೂ ಕೋಡೆಕ್ ವಿವರ ದೊರೆಯುತ್ತದೆ. ಫ್ರೇಮ್ ದರ ಬದಲಾಗುವಂತಹುದೇ ಎಂಬುದನ್ನು ತಿಳಿಯಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದಾಗಿದೆ. ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಉತ್ತಮ.

ಮೂರನೇ ಹಂತ: ಕ್ಯಾಸೆಟ್ಟಿನಿಂದ ಇಳಿಸಿಕೊಳ್ಳುವುದು. ವಿ.ಸಿ.ಆರ್.ನ ಹಳದಿ, ಬಿಳಿ, ಕೆಂಪು ಪಿನ್ನುಗಳನ್ನು ಯು.ಎಸ್.ಬಿ. ಕ್ಯಾಪ್ಚರ್ ಉಪಕರಣಕ್ಕೆ ಜೋಡಿಸಿ, ತಂತ್ರಾಂಶದಲ್ಲಿ ಪಾಲ್ ಪದ್ಧತಿ, 720 x 576 ಹಾಗೂ 25 ಫ್ರೇಮ್ ಎಂದು ನಮೂದಿಸತಕ್ಕದ್ದು. ಮುದ್ರಣ ನಡೆಯುತ್ತಿರುವಾಗ ಗಣಕಯಂತ್ರದಲ್ಲಿ ಬೇರೆ ಕೆಲಸ ಮಾಡಿದಲ್ಲಿ ಚಿತ್ರಗಳು ಬಿಟ್ಟುಹೋಗುವ ಸಂಭವವಿರುತ್ತದೆ.

ನಾಲ್ಕನೇ ಹಂತ: ಪರಿವರ್ತಿಸುವುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಮಾನ್ಯ ಅಗತ್ಯಗಳಿಗೆ ಸಾಕಾಗುತ್ತದೆ. ಇದರಲ್ಲಿ ಎಂಪಿ4 ಹೊದಿಕೆ ಹಾಗೂ ಎಚ್.264 ಕೋಡೆಕ್ ಆಯ್ಕೆ ಮಾಡಿಕೊಳ್ಳಬಹುದು. ಫ್ರೇಮ್ ದರಕ್ಕೆ ಮೂಲದಲ್ಲಿರುವಂತೆಯೇ ಎಂಬ ಆಯ್ಕೆಯನ್ನೂ, ಅದರ ಜೊತೆಯಲ್ಲಿ ಸ್ಥಿರ ದರ ಎಂಬ ಆಯ್ಕೆಯನ್ನೂ ಗುರುತಿಸಬೇಕು. ರೆಸಲ್ಯೂಷನ್ ಅನ್ನು ಮೂಲಕ್ಕಿಂತ ಹೆಚ್ಚಿಸುವ ಅಗತ್ಯವಿಲ್ಲ.

ಐದನೇ ಹಂತ: ಪರೀಕ್ಷೆ. ಮೂರು ಗಂಟೆಯ ಕಡತವನ್ನು ಪೂರ್ತಿ ಪರಿವರ್ತಿಸುವ ಮುನ್ನ, ಜನರು ಓಡಾಡುವ ಹಾಗೂ ಮಾತನಾಡುವ ಎರಡು ನಿಮಿಷಗಳ ಭಾಗವನ್ನು ಮಾತ್ರ ಪರಿವರ್ತಿಸಿ ನೋಡತಕ್ಕದ್ದು. ಪೂರ್ಣ ಕಡತ ಸಿದ್ಧವಾದ ನಂತರ ಆರಂಭ, ಮಧ್ಯ ಹಾಗೂ ಕೊನೆಯ ಭಾಗಗಳಲ್ಲಿ ತುಟಿಯ ಚಲನೆ ಮತ್ತು ಧ್ವನಿ ಹೊಂದುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

6. ಸಾಮಾನ್ಯ ದೋಷಗಳು, ಕಾರಣ ಮತ್ತು ಪರಿಹಾರ

6.1 ಧ್ವನಿ ಮತ್ತು ಚಿತ್ರ ಹೊಂದದಿರುವುದು

ಮೊದಲು ಈ ಅಂತರವು ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿದೆಯೇ ಅಥವಾ ಹೋಗುತ್ತಾ ಹೆಚ್ಚುತ್ತಿದೆಯೇ ಎಂಬುದನ್ನು ಗಮನಿಸತಕ್ಕದ್ದು. ಒಂದೇ ಸಮನಾಗಿದ್ದರೆ ಧ್ವನಿಯನ್ನು ಅಷ್ಟು ಕಾಲ ಹಿಂದಕ್ಕೆ ಅಥವಾ ಮುಂದಕ್ಕೆ ಸರಿಸಿದರೆ ಸಾಕು. ಹೆಚ್ಚುತ್ತಾ ಹೋಗುತ್ತಿದ್ದರೆ ಫ್ರೇಮ್ ದರ ತಪ್ಪಾಗಿರುವ ಅಥವಾ ಮುದ್ರಣದ ವೇಳೆ ಚಿತ್ರಗಳು ಬಿಟ್ಟುಹೋಗಿರುವ ಸಂಭವವೇ ಹೆಚ್ಚು. 29.97 ದರದ ಚಿತ್ರವನ್ನು 30 ಎಂದು ಪರಿಗಣಿಸಿದಲ್ಲಿ ಒಂದು ಗಂಟೆಗೆ 3.6 ಸೆಕೆಂಡುಗಳಷ್ಟು ಅಂತರ ಉಂಟಾಗುತ್ತದೆ. ಇಂತಹ ಸಂದರ್ಭದಲ್ಲಿ ಧ್ವನಿಯನ್ನು ಸರಿಸುವುದರಿಂದ ಪ್ರಯೋಜನವಿಲ್ಲ. ದರವನ್ನು ಸರಿಪಡಿಸಿ ಮೂಲದಿಂದ ಮತ್ತೆ ಪರಿವರ್ತಿಸಬೇಕು. ಮೊಬೈಲ್ ಕಡತಗಳಾದರೆ ಸಂಕಲನಕ್ಕೆ ಮುನ್ನವೇ ಸ್ಥಿರ ದರಕ್ಕೆ ಬದಲಿಸಿಕೊಳ್ಳತಕ್ಕದ್ದು.

6.2 ಚಲನೆಯು ತಡೆತಡೆದು ಕಾಣುವುದು

30 ದರದ ವಿಡಿಯೋವನ್ನು 25ಕ್ಕೆ ಇಳಿಸಿದಾಗ ಪ್ರತಿ ಆರು ಚಿತ್ರಗಳಲ್ಲಿ ಒಂದನ್ನು ಕೈಬಿಡಲಾಗುತ್ತದೆ. 25ನ್ನು 30ಕ್ಕೆ ಏರಿಸಿದಾಗ ಪ್ರತಿ ಐದು ಚಿತ್ರಗಳಲ್ಲಿ ಒಂದನ್ನು ಎರಡು ಬಾರಿ ತೋರಿಸಲಾಗುತ್ತದೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಹಾಗೂ ನೃತ್ಯದ ದೃಶ್ಯಗಳಲ್ಲಿ ಇದು ಎದ್ದು ಕಾಣುತ್ತದೆ. ಮೂಲದ ದರವನ್ನು ಉಳಿಸಿಕೊಳ್ಳುವುದೇ ಇದಕ್ಕೆ ಪರಿಹಾರ. ಇಂದಿನ ಟಿ.ವಿ. ಮತ್ತು ಮೊಬೈಲ್‌ಗಳು 25 ಹಾಗೂ 30 ಎರಡೂ ದರಗಳನ್ನು ತೋರಿಸಬಲ್ಲವು.

6.3 ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು

ಇದು ಇಂಟರ್‌ಲೇಸ್ ಮುದ್ರಿಕೆಯನ್ನು ಹಾಗೆಯೇ ಗಣಕಯಂತ್ರದಲ್ಲಿ ತೋರಿಸಿದಾಗ ಕಾಣುವ ದೋಷ. ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್‌ಲೇಸ್ ಆಯ್ಕೆಯನ್ನು ಬಳಸತಕ್ಕದ್ದು. ನೃತ್ಯ, ಆಟೋಟ ಮುಂತಾದ ವೇಗದ ಚಲನೆಯುಳ್ಳ ಮುದ್ರಿಕೆಗಳಿಗೆ ಬಾಬ್ ಎಂಬ ಆಯ್ಕೆ ಮಾಡಿ ದರವನ್ನು 50 ಎಂದು ನಮೂದಿಸಿದಲ್ಲಿ ಎರಡೂ ಅರ್ಧ ಚಿತ್ರಗಳು ಉಪಯೋಗಕ್ಕೆ ಬಂದು ಚಲನೆ ಸರಾಗವಾಗುತ್ತದೆ. ರೆಸಲ್ಯೂಷನ್ ಬದಲಿಸುವುದಿದ್ದರೆ ಡಿಇಂಟರ್‌ಲೇಸ್ ಆದ ನಂತರವೇ ಬದಲಿಸಬೇಕು. ಮೊದಲೇ ಬದಲಿಸಿದರೆ ಗೆರೆಗಳು ಚಿತ್ರದಲ್ಲಿ ಬೆರೆತುಹೋಗಿ ಮುಂದೆ ತೆಗೆಯಲು ಸಾಧ್ಯವಾಗುವುದಿಲ್ಲ.

6.4 ವ್ಯಕ್ತಿಗಳು ಹಿಂದೆ ಮುಂದೆ ಜಗ್ಗಿದಂತೆ ಕಾಣುವುದು

ಅರ್ಧ ಚಿತ್ರಗಳ ಕ್ರಮ ಅದಲುಬದಲಾಗಿರುವುದು ಇದಕ್ಕೆ ಕಾರಣ. ಮಿನಿ ಡಿವಿಯಲ್ಲಿ ಕೆಳಗಿನ ಗೆರೆಗಳು ಮೊದಲು ಬರುತ್ತವೆ. ಇತರ ಮೂಲಗಳಲ್ಲಿ ಸಾಮಾನ್ಯವಾಗಿ ಮೇಲಿನ ಗೆರೆಗಳು ಮೊದಲು ಬರುತ್ತವೆ. ತಂತ್ರಾಂಶದಲ್ಲಿ ಈ ಕ್ರಮವನ್ನು ಬದಲಿಸಿ ಪರೀಕ್ಷಿಸಬೇಕು.

6.5 ಮುಖಗಳು ಅಗಲವಾಗಿ ಅಥವಾ ಸಣಕಲಾಗಿ ಕಾಣುವುದು

ಹಳೆಯ ಟಿ.ವಿ. ಪರದೆಯ ಅಗಲ ಮತ್ತು ಎತ್ತರದ ಪ್ರಮಾಣ 4:3. ಇಂದಿನ ಪರದೆಯದು 16:9. ಹಳೆಯ ಚಿತ್ರವನ್ನು ಹೊಸ ಪರದೆಯ ತುಂಬ ಎಳೆದಾಗ ವಧೂವರರು ಕುಳ್ಳಗೂ ದಪ್ಪಗೂ ಕಾಣುತ್ತಾರೆ. 720 x 576ರ 4:3 ಮುದ್ರಿಕೆಯನ್ನು ಗಣಕಯಂತ್ರಕ್ಕಾಗಿ 768 x 576 ಎಂದು ಪರಿವರ್ತಿಸಿದಲ್ಲಿ ಪ್ರಮಾಣ ಸರಿಹೋಗುತ್ತದೆ. 16:9ರಲ್ಲಿ ಮುದ್ರಿಸಿದ್ದಾದರೆ 1024 x 576 ಎಂದು ನಮೂದಿಸತಕ್ಕದ್ದು. ಪರದೆಯ ಎರಡು ಬದಿಗಳಲ್ಲಿ ಕಪ್ಪು ಪಟ್ಟಿ ಉಳಿಯುವುದು ದೋಷವಲ್ಲ.

6.6 ಚಿತ್ರದಲ್ಲಿ ಬೆಳಕು ಮಿಣುಕುವುದು ಅಥವಾ ಪಟ್ಟಿಗಳು ಓಡುವುದು

50 ಹರ್ಟ್ಸ್ ವಿದ್ಯುತ್ತಿನಲ್ಲಿ ಟ್ಯೂಬ್‌ಲೈಟ್ ಹಾಗೂ ಕೆಲವು ಎಲ್.ಇ.ಡಿ. ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕ್ಯಾಮೆರಾದ ಷಟರ್ ವೇಗ ಇದಕ್ಕೆ ಹೊಂದದಿದ್ದಾಗ ಕಲ್ಯಾಣ ಮಂಟಪ ಮುಂತಾದ ಒಳಾಂಗಣ ದೃಶ್ಯಗಳಲ್ಲಿ ಈ ದೋಷ ಕಾಣಿಸಿಕೊಳ್ಳುತ್ತದೆ. ಮುದ್ರಣವಾದ ಮೇಲೆ ಇದನ್ನು ತೆಗೆಯುವುದು ಕಷ್ಟ. ಆದ್ದರಿಂದ ಮುದ್ರಿಸುವಾಗಲೇ ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇರಿಸತಕ್ಕದ್ದು. 25 ಫ್ರೇಮ್ ದರದ ಆಯ್ಕೆ ಇರುವ ಮೊಬೈಲ್‌ಗಳಲ್ಲಿ ಅದನ್ನೇ ಬಳಸುವುದು ಸೂಕ್ತ.

6.7 ಧ್ವನಿ ಮಾತ್ರ ಬಂದು ಚಿತ್ರ ಬಾರದಿರುವುದು

ಹೊಸ ಮೊಬೈಲ್‌ಗಳಲ್ಲಿ ಹಲವು 2013ರಲ್ಲಿ ಅಂಗೀಕೃತವಾದ ಎಚ್.265 ಕೋಡೆಕ್ ಬಳಸುತ್ತವೆ. ಹಳೆಯ ಟಿ.ವಿ. ಹಾಗೂ ಗಣಕಯಂತ್ರಗಳು ಇದನ್ನು ಗುರುತಿಸುವುದಿಲ್ಲ. ಎಚ್.264ಕ್ಕೆ ಪರಿವರ್ತಿಸಿದಲ್ಲಿ ಸಮಸ್ಯೆ ಪರಿಹಾರವಾಗುತ್ತದೆ.

7. ರೆಸಲ್ಯೂಷನ್ ಹೆಚ್ಚಿಸುವ ಕುರಿತು

ಹಳೆಯ ಕ್ಯಾಸೆಟ್‌ಗಳನ್ನು 4ಕೆ ಗುಣಮಟ್ಟಕ್ಕೆ ಬದಲಿಸಿಕೊಡುವುದಾಗಿ ತಿಳಿಸಿ ಹೆಚ್ಚಿನ ದರ ಕೇಳಿದಲ್ಲಿ ಸಾರ್ವಜನಿಕರು ಯೋಚಿಸಿ ಒಪ್ಪತಕ್ಕದ್ದು. ಚುಕ್ಕೆಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಟೇಪಿನಲ್ಲಿ ಇಲ್ಲದ ವಿವರ ಬರುವುದಿಲ್ಲ. ಕಡತದ ಗಾತ್ರ ಮಾತ್ರ ಹೆಚ್ಚುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಚಿತ್ರವನ್ನು ಚುರುಕುಗೊಳಿಸಿ ತೋರಿಸುತ್ತವೆಯಾದರೂ, ಅವು ಇಲ್ಲದ ವಿವರವನ್ನು ಊಹಿಸಿ ತುಂಬುವುದರಿಂದ ಹಿರಿಯರ ಮುಖಲಕ್ಷಣವೇ ಬದಲಾಗುವ ಸಾಧ್ಯತೆ ಇದೆ. ಇಂತಹ ಪ್ರತಿಯನ್ನು ಮಾಡಿಸಿಕೊಂಡರೂ ಮೂಲದ ರೆಸಲ್ಯೂಷನ್‌ನ ಪ್ರತಿಯನ್ನು ಪ್ರತ್ಯೇಕವಾಗಿ ಪಡೆದುಕೊಳ್ಳಬೇಕು.

8. ಕಡತದ ಗಾತ್ರದ ಲೆಕ್ಕ

ಬಿಟ್ ದರವನ್ನು ಒಟ್ಟು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಕಡತದ ಗಾತ್ರ ದೊರೆಯುತ್ತದೆ. ಉದಾಹರಣೆಗೆ 180 ನಿಮಿಷಗಳ ಕ್ಯಾಸೆಟ್ಟನ್ನು ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಪರಿವರ್ತಿಸಿದಲ್ಲಿ: 4 x 10,800 = 43,200 ಮೆಗಾಬಿಟ್; ಇದನ್ನು 8ರಿಂದ ಭಾಗಿಸಿದರೆ 5,400 ಮೆಗಾಬೈಟ್, ಅಂದರೆ 5.4 ಜಿ.ಬಿ. ಧ್ವನಿಗೆ ಸ್ವಲ್ಪ ಹೆಚ್ಚುವರಿ ಸ್ಥಳ ಬೇಕಾಗುತ್ತದೆ.

ಫ್ಯಾಟ್32 ವಿಧಾನದಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವ್‌ನಲ್ಲಿ 4 ಜಿ.ಬಿ.ಗಿಂತ ದೊಡ್ಡದಾದ ಒಂದೇ ಕಡತವನ್ನು ಇರಿಸಲಾಗದು. 64 ಜಿ.ಬಿ. ಪೆನ್ ಡ್ರೈವ್ ಖಾಲಿ ಇದ್ದರೂ ಸ್ಥಳವಿಲ್ಲವೆಂಬ ಸಂದೇಶ ಬರಲು ಇದೇ ಕಾರಣ. ಎಕ್ಸ್‌ಫ್ಯಾಟ್ ವಿಧಾನಕ್ಕೆ ಬದಲಿಸುವುದು ಅಥವಾ ಕಡತವನ್ನು ಎರಡು ಭಾಗ ಮಾಡುವುದು ಪರಿಹಾರವಾಗಿರುತ್ತದೆ. ವಿಧಾನ ಬದಲಿಸುವಾಗ ಪೆನ್ ಡ್ರೈವ್‌ನಲ್ಲಿರುವ ಎಲ್ಲವೂ ಅಳಿಸಿಹೋಗುವುದನ್ನು ನೆನಪಿನಲ್ಲಿಡತಕ್ಕದ್ದು.

9. ಸಿ.ಸಿ. ಟಿ.ವಿ. ದೃಶ್ಯಾವಳಿಗಳ ಬಗ್ಗೆ ವಿಶೇಷ ಸೂಚನೆ

ಅಪಘಾತ, ಕಳವು ಮುಂತಾದ ಸಂದರ್ಭಗಳಲ್ಲಿ ಮನೆ, ಅಂಗಡಿ ಹಾಗೂ ವಸತಿ ಸಮುಚ್ಚಯಗಳ ಸಿ.ಸಿ. ಟಿ.ವಿ. ದೃಶ್ಯಾವಳಿಗಳು ಮುಖ್ಯ ಸಾಕ್ಷ್ಯವಾಗುತ್ತವೆ. ಇಲ್ಲಿ ಫ್ರೇಮ್ ದರದ ತಪ್ಪು ಕೇವಲ ನೋಟದ ದೋಷವಾಗಿ ಉಳಿಯುವುದಿಲ್ಲ. ಉದಾಹರಣೆಗೆ ಮಾಗಡಿ ರಸ್ತೆಯ ಅಂಗಡಿಯೊಂದರ ಕ್ಯಾಮೆರಾ ಸೆಕೆಂಡಿಗೆ 15 ಚಿತ್ರಗಳಂತೆ ಮುದ್ರಿಸಿದೆ ಎಂದು ಭಾವಿಸಿದಲ್ಲಿ, ಒಂದು ನಿಮಿಷಕ್ಕೆ 900 ಚಿತ್ರಗಳಾಗುತ್ತವೆ. ಪರಿವರ್ತಿಸುವ ತಂತ್ರಾಂಶ ಇದನ್ನು 25 ದರವೆಂದು ಭಾವಿಸಿದರೆ ಆ 60 ಸೆಕೆಂಡುಗಳ ದೃಶ್ಯ 36 ಸೆಕೆಂಡಿಗೆ ಮುಗಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದ ದ್ವಿಚಕ್ರ ವಾಹನ 50 ಕಿ.ಮೀ. ವೇಗದಲ್ಲಿ ಬಂದಂತೆ ಕಾಣುತ್ತದೆ. ಇದರಿಂದ ನಿರಪರಾಧಿಯ ಮೇಲೆ ಸಂದೇಹ ಬರುವ ಅಪಾಯವಿರುತ್ತದೆ.

ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು:

- ಡಿ.ವಿ.ಆರ್. ಯಂತ್ರಗಳು ಸ್ಥಳ ತುಂಬಿದ ಮೇಲೆ ಹಳೆಯ ದೃಶ್ಯಗಳ ಮೇಲೆಯೇ ಹೊಸದನ್ನು ಬರೆಯುತ್ತವೆ. ಘಟನೆ ನಡೆದ ಕೂಡಲೇ ಪ್ರತಿ ತೆಗೆದಿರಿಸಬೇಕು.
- ಯಂತ್ರವು ನೀಡುವ ಮೂಲ ರೂಪದಲ್ಲಿಯೇ ಕಡತವನ್ನು ಪಡೆದು, ಅದನ್ನು ತೆರೆಯಲು ಬೇಕಾದ ಪ್ಲೇಯರ್ ತಂತ್ರಾಂಶವನ್ನೂ ಜೊತೆಯಲ್ಲಿ ಇರಿಸಬೇಕು. ಎಂಪಿ4ಕ್ಕೆ ಪರಿವರ್ತಿಸಿದ ಪ್ರತಿ ನೋಡುವ ಅನುಕೂಲಕ್ಕೆ ಮಾತ್ರ.
- ಪರದೆಯನ್ನು ಮೊಬೈಲ್‌ನಿಂದ ಚಿತ್ರೀಕರಿಸಿದ ಪ್ರತಿಯನ್ನು ಮಾತ್ರ ಉಳಿಸಿಕೊಂಡು ಮೂಲವನ್ನು ಕಳೆದುಕೊಳ್ಳಬಾರದು.
- ಯಂತ್ರದ ಗಡಿಯಾರಕ್ಕೂ ನಿಜವಾದ ವೇಳೆಗೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಅನ್ವಯ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಮೌಲ್ಯ ಎಂಬುದು ಕಡತದ ಬೆರಳಚ್ಚು ಇದ್ದಂತೆ. ಕಡತವನ್ನು ಪರಿವರ್ತಿಸಿದರೆ, ಒಂದೇ ಒಂದು ಚಿತ್ರ ಬದಲಾದರೂ, ಈ ಮೌಲ್ಯ ಬೇರೆಯಾಗುತ್ತದೆ. ಮೂಲ ಕಡತವನ್ನು ಮುಟ್ಟಬಾರದೆಂದು ಹೇಳುವುದು ಈ ಕಾರಣದಿಂದಲೇ.

10. ಸ್ಟುಡಿಯೋಗಳಿಗೆ ವಹಿಸುವಾಗ ಗಮನಿಸಬೇಕಾದ ಅಂಶಗಳು

- ಕ್ಯಾಸೆಟ್‌ಗಳಿಗೆ ಕ್ರಮಸಂಖ್ಯೆ ನೀಡಿ, ಪಟ್ಟಿಯ ಮೇಲೆ ಸ್ವೀಕೃತಿ ಪಡೆದುಕೊಳ್ಳುವುದು.
- ರಶೀದಿಯಲ್ಲಿ ಪಾಲ್, 25 ಫ್ರೇಮ್, 4:3 ಪ್ರಮಾಣ ಹಾಗೂ ಅಪೇಕ್ಷಿತ ಬಿಟ್ ದರವನ್ನು ಬರೆಯಿಸುವುದು.
- ಹಿನ್ನೆಲೆ ಸಂಗೀತ ಸೇರಿಸದಂತೆ ಹಾಗೂ ದೃಶ್ಯಗಳನ್ನು ಕತ್ತರಿಸದಂತೆ ಸ್ಪಷ್ಟವಾಗಿ ತಿಳಿಸುವುದು. ಸಂಗೀತ ಸೇರಿಸಿದಲ್ಲಿ ಹಿರಿಯರ ಮಾತು ಮುಚ್ಚಿಹೋಗುತ್ತದೆ.
- ಬೂಷ್ಟು ಹಿಡಿದ ಕ್ಯಾಸೆಟ್ ಇದ್ದಲ್ಲಿ ಮೊದಲೇ ತಿಳಿಸುವುದು. ಇಂತಹ ಕ್ಯಾಸೆಟ್ಟನ್ನು ಸ್ವಚ್ಛಗೊಳಿಸದೆ ಯಂತ್ರಕ್ಕೆ ಹಾಕಿದರೆ ಯಂತ್ರದ ಹೆಡ್ ಕೆಡುವುದಲ್ಲದೆ ಇತರ ಕ್ಯಾಸೆಟ್‌ಗಳಿಗೂ ಬೂಷ್ಟು ಹರಡುತ್ತದೆ.
- ಕೆಲಸ ಮುಗಿದ ನಂತರ ಮೂಲ ಕ್ಯಾಸೆಟ್‌ಗಳನ್ನು ಎಣಿಸಿ ಹಿಂದಕ್ಕೆ ಪಡೆಯುವುದು.

11. ಸಂರಕ್ಷಣೆ

ಜಪಾನಿನ ಫುನಾಯ್ ಕಂಪನಿಯು 2016ರ ಜುಲೈ ತಿಂಗಳಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಇದರೊಂದಿಗೆ ಹೊಸ ವಿ.ಸಿ.ಆರ್. ದೊರೆಯುವ ದಾರಿ ಮುಚ್ಚಿದೆ. ಉಳಿದಿರುವ ಹಳೆಯ ಯಂತ್ರಗಳೂ ಬಿಡಿಭಾಗಗಳಿಲ್ಲದೆ ಕೆಲಸ ನಿಲ್ಲಿಸುತ್ತಿವೆ. ಟೇಪಿನ ಕಾಂತೀಯ ಲೇಪನವೂ ವರ್ಷಗಳು ಕಳೆದಂತೆ ಸವೆಯುತ್ತದೆ, ಮಳೆಗಾಲದ ತೇವದಿಂದ ಬೂಷ್ಟು ಹಿಡಿಯುತ್ತದೆ. ಬರೆದ ಸಿ.ಡಿ., ಡಿ.ವಿ.ಡಿ.ಗಳೂ ಶಾಶ್ವತವಲ್ಲ. ಆದ್ದರಿಂದ ಪರಿವರ್ತನೆಯ ಕೆಲಸವನ್ನು ಮುಂದೂಡದಿರುವುದು ಒಳಿತು.

ಕ್ಯಾಸೆಟ್‌ಗಳನ್ನು ಪೂರ್ತಿಯಾಗಿ ಹಿಂದಕ್ಕೆ ಸುತ್ತಿ, ನೆಟ್ಟಗೆ ನಿಲ್ಲಿಸಿ, ಬಿಸಿಲು ಹಾಗೂ ತೇವವಿಲ್ಲದ ಜಾಗದಲ್ಲಿ ಇರಿಸತಕ್ಕದ್ದು. ಪರಿವರ್ತಿತ ಕಡತಗಳ ಕನಿಷ್ಠ ಎರಡು ಪ್ರತಿಗಳನ್ನು ಬೇರೆ ಬೇರೆ ಉಪಕರಣಗಳಲ್ಲಿ ಉಳಿಸಿ, ಅವುಗಳಲ್ಲಿ ಒಂದನ್ನು ಬೇರೊಂದು ಮನೆಯಲ್ಲಿ ಇಡುವುದು ಕ್ಷೇಮಕರ. ಕಡತದ ಹೆಸರಿನಲ್ಲಿ ದಿನಾಂಕ, ಸಮಾರಂಭ ಮತ್ತು ಸ್ಥಳವನ್ನು ನಮೂದಿಸುವುದರ ಜೊತೆಗೆ, ದೃಶ್ಯದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರಿಂದ ಹೆಸರುಗಳನ್ನು ಕೇಳಿ ಬರೆದಿಡತಕ್ಕದ್ದು. ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ, ಅದರಲ್ಲಿರುವವರು ಯಾರೆಂಬುದನ್ನು ಯಾವ ತಂತ್ರಾಂಶವೂ ಮುಂದಿನ ತಲೆಮಾರಿಗೆ ತಿಳಿಸಲಾರದು.